ಮುತ್ತಿಗೆಯ ಊರಿನಿಂದ ಬಂದ ಹಾಡು



ನಮ್ಮ ಫೋನ್-ಇನ್ ಕಾರ್ಯಕ್ರಮಗಳನ್ನು ನೀವು ನೋಡಿರುತ್ತೀರಿ. ಎದುರಿಗೆ ಅತಿಥಿಗಳು ಕುಳಿತಿರುತ್ತಾರೆ, ನಿರೂಪಕಿ ನಗುಮುಖದಿಂದ "ಹಲೋ, ಎಲ್ಲಿಂದ ಮಾತಾಡ್ತಾ ಇದ್ದೀರಿ?" ಎಂದು ಕೇಳುತ್ತಾರೆ. ಆ ಕಡೆಯಿಂದ ಉತ್ತರ ಬರಲು ಎರಡು ಸೆಕೆಂಡು ತಡವಾದರೆ ನಿಮಗೆ ಮನೆಯಲ್ಲಿ ಏನೂ ಅನ್ನಿಸುವುದಿಲ್ಲ. ಕಂಟ್ರೋಲ್ ರೂಮಿನಲ್ಲಿ ಕುಳಿತಿರುವ ನನ್ನಂಥ ನಿರ್ಮಾಪಕರಿಗೆ ಮಾತ್ರ ಆ ಎರಡು ಸೆಕೆಂಡುಗಳಲ್ಲಿ ಬೆವರು ಬಂದಿರುತ್ತದೆ. ಲೈನ್ ಇದೆಯೋ, ಕಡಿಯಿತೋ? ಮುಂದಿನ ಕರೆಗೆ ಹೋಗಬೇಕೋ, ಕಾಯಬೇಕೋ?

ಈ ಸಂಚಿಕೆಯಲ್ಲಿ ಅಂಥದ್ದೇ ಒಂದು ಕಾಯುವಿಕೆಯ ಕಥೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ. ಅದು ನಡೆದದ್ದು 1993ರ ಮೇ 15ರ ರಾತ್ರಿ, ಐರ್ಲೆಂಡಿನ ಮಿಲ್‌ಸ್ಟ್ರೀಟ್ ಎಂಬ ಸಣ್ಣ ಊರಿನಲ್ಲಿ. ಅಂದು ಯೂರೋವಿಷನ್ ಗೀತ ಸ್ಪರ್ಧೆಯ ಅಂತಿಮ ಸುತ್ತು. ಹಾಡುಗಳೆಲ್ಲ ಮುಗಿದು, ಒಂದೊಂದು ದೇಶದ ತೀರ್ಪುಗಾರರೂ ದೂರವಾಣಿಯ ಮೂಲಕ ಅಂಕ ಹೇಳುತ್ತಿದ್ದರು. ಬೋಸ್ನಿಯಾ-ಹರ್ಜೆಗೋವಿನಾದ ಸರದಿ ಬಂತು. ಆ ದೇಶದ ರಾಜಧಾನಿ ಸರಾಯೆವೊ ಆಗ ಒಂದು ವರ್ಷಕ್ಕೂ ಮೇಲ್ಪಟ್ಟು ಶತ್ರುಸೇನೆಯ ಮುತ್ತಿಗೆಯಲ್ಲಿತ್ತು. ಸಭಾಂಗಣ ನಿಶ್ಶಬ್ದವಾಯಿತು. ಕರಕರ ಸದ್ದಿನ ನಡುವೆ, ಬಹು ದೂರದಿಂದೆಂಬಂತೆ, ಒಂದು ಧ್ವನಿ ಕೇಳಿಸಿತು: ಮಿಲ್‌ಸ್ಟ್ರೀಟ್, ಇದು ಸರಾಯೆವೊ. ಇನ್ನೂ ಒಂದು ಅಂಕವನ್ನೂ ಹೇಳಿರಲಿಲ್ಲ, ಸಾವಿರಾರು ಜನ ಚಪ್ಪಾಳೆ ತಟ್ಟತೊಡಗಿದರು.

ಆ ವರ್ಷ ನಾನು ಇನ್ನೂ ಶಾಲೆಯಲ್ಲಿದ್ದೆ. ಬೋಸ್ನಿಯಾ ಎಂಬ ಹೆಸರು ವಾರ್ತೆಗಳಲ್ಲಿ ಕೇಳಿ ಗೊತ್ತಿತ್ತು, ಅಷ್ಟೆ. ಈ ಸ್ಪರ್ಧೆಯ ದೃಶ್ಯಗಳನ್ನು ನೋಡಿದ್ದು ಬಹಳ ವರ್ಷಗಳ ನಂತರ, ಈ ಉದ್ಯೋಗಕ್ಕೆ ಬಂದ ಮೇಲೆ. ಒಂದು ದೇಶ ಅಂತರರಾಷ್ಟ್ರೀಯ ಗೀತ ಸ್ಪರ್ಧೆಗೆ ಮೊದಲ ಬಾರಿ ಬರುವುದೆಂದರೆ ಏನು, ಅದರ ಹಿಂದೆ ಎಂಥ ವ್ಯವಸ್ಥೆ ಇರುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಏನಿದು ಯೂರೋವಿಷನ್?

ಎರಡನೇ ಮಹಾಯುದ್ಧದ ನಂತರ, 1950ರಲ್ಲಿ, ಯೂರೋಪಿನ ಸಾರ್ವಜನಿಕ ಪ್ರಸಾರ ಸಂಸ್ಥೆಗಳು ಒಟ್ಟಾಗಿ ಯೂರೋಪಿಯನ್ ಪ್ರಸಾರ ಒಕ್ಕೂಟವನ್ನು ಕಟ್ಟಿಕೊಂಡವು. ಒಂದು ದೇಶದ ಕಾರ್ಯಕ್ರಮವನ್ನು ಹಲವು ದೇಶಗಳಲ್ಲಿ ಏಕಕಾಲಕ್ಕೆ ಪ್ರಸಾರ ಮಾಡಲು ಸಾಧ್ಯವೇ ಎಂಬ ಪ್ರಶ್ನೆ ಆಗ ಅವರ ಮುಂದಿತ್ತು. ಆಗಿನ್ನೂ ಸಂಪರ್ಕ ಉಪಗ್ರಹಗಳಿರಲಿಲ್ಲ. ಬೆಟ್ಟದ ಮೇಲಿನ ಗೋಪುರದಿಂದ ಇನ್ನೊಂದು ಬೆಟ್ಟದ ಗೋಪುರಕ್ಕೆ ಮೈಕ್ರೋವೇವ್ ತರಂಗಗಳ ಮೂಲಕ ಚಿತ್ರವನ್ನು ದಾಟಿಸಬೇಕಿತ್ತು. ಇಂಥ ಜಾಲವನ್ನು ಪರೀಕ್ಷಿಸಲು, ಜನರಿಗೂ ಇಷ್ಟವಾಗುವಂಥದ್ದೇನಾದರೂ ಬೇಕಲ್ಲ? ಹಾಡಿನ ಸ್ಪರ್ಧೆ ಹುಟ್ಟಿದ್ದು ಹೀಗೆ. ಮೊದಲ ಸ್ಪರ್ಧೆ 1956ರ ಮೇ 24ರಂದು ಸ್ವಿಟ್ಜರ್ಲೆಂಡಿನ ಲುಗಾನೋ ನಗರದಲ್ಲಿ ನಡೆಯಿತು. ಏಳು ದೇಶಗಳು ತಲಾ ಎರಡು ಹಾಡು ತಂದವು. ಗೆದ್ದದ್ದು ಆತಿಥೇಯ ದೇಶವೇ.

ಇಲ್ಲಿ ಒಂದು ಮುಖ್ಯ ಅಂಶವನ್ನು ನೀವು ಗಮನಿಸಬೇಕು. ಈ ಸ್ಪರ್ಧೆಗೆ ಗಾಯಕರನ್ನು ಕಳಿಸುವುದು ಸರ್ಕಾರವಲ್ಲ, ಆ ದೇಶದ ಪ್ರಸಾರ ಸಂಸ್ಥೆ. ಸಂಸ್ಥೆ ಒಕ್ಕೂಟದ ಸದಸ್ಯನಾಗಿರಬೇಕು, ಶುಲ್ಕ ಕಟ್ಟಬೇಕು, ಕಾರ್ಯಕ್ರಮವನ್ನು ತನ್ನ ದೇಶದಲ್ಲಿ ನೇರವಾಗಿ ತೋರಿಸಬೇಕು. ಆದ್ದರಿಂದ ಒಂದು ಹೊಸ ದೇಶ ಮೊದಲ ಬಾರಿ ಬಂತೆಂದರೆ, ಅಲ್ಲೊಂದು ದೂರದರ್ಶನ ಕೇಂದ್ರ ತನ್ನ ಕಾಲ ಮೇಲೆ ನಿಂತಿದೆ ಎಂದು ಅರ್ಥ.

ಒಂದು ದೇಶ ಹಲವಾದಾಗ

ಯುಗೋಸ್ಲಾವಿಯಾ ಈ ಸ್ಪರ್ಧೆಗೆ ಹೊಸದೇನಲ್ಲ. ಅದು ಮೊದಲು ಬಂದದ್ದು 1961ರಲ್ಲಿ. ಅಂದಿನ ಸಮಾಜವಾದಿ ದೇಶಗಳ ಪೈಕಿ ಇದರಲ್ಲಿ ಹಾಡುತ್ತಿದ್ದುದು ಅದೊಂದೇ. 1989ರಲ್ಲಿ ಅದು ಗೆದ್ದಿತು, ಮರುವರ್ಷ ಜಾಗ್ರೆಬ್ ನಗರದಲ್ಲಿ ಸ್ಪರ್ಧೆಯನ್ನು ನಡೆಸಿಯೂ ಕೊಟ್ಟಿತು. ಆದರೆ ಅಷ್ಟರಲ್ಲಿ ದೇಶವೇ ಬಿರುಕು ಬಿಡತೊಡಗಿತ್ತು. 1991ರಲ್ಲಿ ಸ್ಲೊವೇನಿಯಾ ಮತ್ತು ಕ್ರೊಯೇಷಿಯಾ ಸ್ವತಂತ್ರವೆಂದು ಘೋಷಿಸಿಕೊಂಡವು. 1992ರ ಏಪ್ರಿಲ್‌ನಲ್ಲಿ ಬೋಸ್ನಿಯಾ-ಹರ್ಜೆಗೋವಿನಾದ ಸ್ವಾತಂತ್ರ್ಯವನ್ನು ಯೂರೋಪಿಯನ್ ಸಮುದಾಯ ಮತ್ತು ಅಮೆರಿಕ ಮಾನ್ಯ ಮಾಡಿದವು. ಮೇ 22ರಂದು ಅದು ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರವೂ ಆಯಿತು. ಆದರೆ ಏಪ್ರಿಲ್‌ನಲ್ಲೇ ಯುದ್ಧ ಆರಂಭವಾಗಿತ್ತು. ಬೋಸ್ನಿಯಾದ ಸರ್ಬ್ ಪಡೆಗಳು ಸರಾಯೆವೊದ ಸುತ್ತಲಿನ ಗುಡ್ಡಗಳ ಮೇಲೆ ಫಿರಂಗಿಗಳನ್ನಿಟ್ಟು ಕೆಳಗಿನ ಊರಿನ ಮೇಲೆ ಗುಂಡು ಸುರಿಸತೊಡಗಿದ್ದವು.

ಸರ್ಬಿಯಾ ಮತ್ತು ಮಾಂಟೆನೆಗ್ರೊ ಸೇರಿ ಉಳಿದ ಯುಗೋಸ್ಲಾವಿಯಾದ ಮೇಲೆ 1992ರ ಮೇ ತಿಂಗಳ ಕೊನೆಯಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ನಿರ್ಬಂಧ ಹೇರಿತು. ಕ್ರೀಡೆ, ಸಾಂಸ್ಕೃತಿಕ ವಿನಿಮಯಗಳೂ ಆ ನಿರ್ಬಂಧಕ್ಕೆ ಒಳಪಟ್ಟವು. ಹೀಗಾಗಿ ಹಳೆಯ ಹೆಸರು ಸ್ಪರ್ಧೆಯಿಂದ ಮರೆಯಾಯಿತು, ಹೊಸ ಹೆಸರುಗಳು ಬಾಗಿಲ ಬಳಿ ಬಂದು ನಿಂತವು.

ಅದೇ ಹೊತ್ತಿಗೆ ಇನ್ನೊಂದು ಬದಲಾವಣೆಯೂ ಆಯಿತು. ಪೂರ್ವ ಯೂರೋಪಿನ ಪ್ರಸಾರ ಸಂಸ್ಥೆಗಳಿಗೆ ಬೇರೆಯೇ ಒಂದು ಒಕ್ಕೂಟವಿತ್ತು. ಶೀತಲ ಸಮರ ಮುಗಿದ ಮೇಲೆ, 1993ರ ಜನವರಿ 1ರಂದು, ಅದು ಪಶ್ಚಿಮದ ಒಕ್ಕೂಟದೊಳಗೆ ವಿಲೀನವಾಯಿತು. ಒಮ್ಮೆಲೇ ಹಾಡಲು ಬಯಸುವ ದೇಶಗಳ ಸಂಖ್ಯೆ ಏರಿತು. ಒಂದು ಸಂಜೆಯಲ್ಲಿ ಎಷ್ಟು ಹಾಡು ತೋರಿಸಬಹುದು ಹೇಳಿ? ಹಳಬರು 22 ದೇಶಗಳಿದ್ದರು. ಹೊಸಬರಿಗೆ ಮೂರು ಸ್ಥಾನ ಮಾತ್ರ ಎಂದು ತೀರ್ಮಾನವಾಯಿತು.

ಲುಬ್ಲಿಯಾನಾದ ಲೆಕ್ಕ

ಆ ಮೂರು ಸ್ಥಾನಗಳಿಗಾಗಿ ಏಪ್ರಿಲ್ 3ರಂದು ಸ್ಲೊವೇನಿಯಾದ ರಾಜಧಾನಿ ಲುಬ್ಲಿಯಾನಾದಲ್ಲಿ ಅರ್ಹತಾ ಸುತ್ತು ನಡೆಯಿತು. ಬೋಸ್ನಿಯಾ, ಕ್ರೊಯೇಷಿಯಾ, ಸ್ಲೊವೇನಿಯಾ, ಸ್ಲೊವಾಕಿಯಾ, ಹಂಗೇರಿ, ರೊಮೇನಿಯಾ, ಎಸ್ಟೋನಿಯಾ ಹೀಗೆ ಏಳು ದೇಶಗಳು ಬಂದವು. ಪ್ರತಿ ದೇಶದ ತೀರ್ಪುಗಾರರೂ ತಮ್ಮದನ್ನು ಬಿಟ್ಟು ಉಳಿದ ಆರಕ್ಕೆ 12, 10, 8, 7, 6, 5 ಎಂದು ಅಂಕ ಕೊಡಬೇಕು.

ಫಲಿತಾಂಶ ಹೀಗಿತ್ತು: ಸ್ಲೊವೇನಿಯಾ 54, ಬೋಸ್ನಿಯಾ 52, ಕ್ರೊಯೇಷಿಯಾ 51, ಸ್ಲೊವಾಕಿಯಾ 50. ಮೊದಲ ಸ್ಥಾನಕ್ಕೂ ನಾಲ್ಕನೆಯದಕ್ಕೂ ನಾಲ್ಕೇ ಅಂಕಗಳ ಅಂತರ. ಒಬ್ಬ ತೀರ್ಪುಗಾರನ ಮನಸ್ಸು ಆ ರಾತ್ರಿ ಸ್ವಲ್ಪ ಬೇರೆ ಕಡೆ ವಾಲಿದ್ದರೆ, ನಾನು ಈ ಲೇಖನವನ್ನು ಬರೆಯುತ್ತಲೇ ಇರಲಿಲ್ಲವೇನೋ. ಗೆದ್ದ ಮೂರೂ ದೇಶಗಳು ಹಿಂದೆ ಒಂದೇ ಯುಗೋಸ್ಲಾವಿಯಾದ ಭಾಗಗಳಾಗಿದ್ದವು. ಸೋತ ನಾಲ್ಕು ದೇಶಗಳು ಮರುವರ್ಷ, 1994ರಲ್ಲಿ, ವೇದಿಕೆಗೆ ಬಂದವು.

ಓಡುದಾರಿಯನ್ನು ದಾಟುವುದು

ಇಷ್ಟು ಹೊತ್ತು ನಿಯಮಗಳ ಮಾತಾಯಿತು. ಈಗ ಮನುಷ್ಯರ ವಿಷಯಕ್ಕೆ ಬರೋಣ.

1984ರ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಇದೇ ಸರಾಯೆವೊದಲ್ಲಿ. ಅಂದು ಜಗತ್ತೆಲ್ಲ ಆ ಊರನ್ನು ದೂರದರ್ಶನದಲ್ಲಿ ನೋಡಿತ್ತು. ಒಂಬತ್ತೇ ವರ್ಷಗಳಲ್ಲಿ ಅಲ್ಲಿ ನೀರಿಲ್ಲ, ವಿದ್ಯುತ್ತಿಲ್ಲ, ಉರುವಲಿಗೆ ಬೀದಿಯ ಮರಗಳನ್ನು ಕಡಿಯುವ ಸ್ಥಿತಿ. ನೀರು ತರಲು ಸಾಲಿನಲ್ಲಿ ನಿಂತವರು ಸಾಯುತ್ತಿದ್ದರು. ಆದರೂ ಅಲ್ಲಿನ ದೂರದರ್ಶನ ಕೇಂದ್ರ ತನ್ನ ದಪ್ಪ ಕಾಂಕ್ರೀಟಿನ ಕಟ್ಟಡದೊಳಗಿಂದ ಪ್ರಸಾರ ನಡೆಸುತ್ತಲೇ ಇತ್ತು. ಸ್ಪರ್ಧೆಗೆ ಕಳಿಸಬೇಕಾದ ಹಾಡನ್ನೂ ಆ ಊರಿನಲ್ಲೇ ಆರಿಸಿದರು. ಹಾಡಿನ ಹೆಸರು 'ಸ್ವಾ ಬೋಲ್ ಸ್ವಿಯೆತಾ', ಅಂದರೆ 'ಜಗತ್ತಿನ ನೋವೆಲ್ಲ'. ಹಾಡುವವರು ಫಾಜ್ಲಾ ಎಂದು ಹೆಸರಾದ ಮುಹಮದ್ ಫಾಜ್ಲಾಗಿಚ್. ರಾಗ ಹಾಕಿದವರು ಮುಂದೆ ದಿನೋ ಮೆರ್ಲಿನ್ ಎಂಬ ಹೆಸರಿನಿಂದ ತಾವೇ ಆ ದೇಶವನ್ನು ಪ್ರತಿನಿಧಿಸಿದ ಕಲಾವಿದರು.

ಹಾಡೇನೋ ಸಿದ್ಧವಾಯಿತು. ಊರಿನಿಂದ ಹೊರಗೆ ಹೋಗುವುದು ಹೇಗೆ?

ಸರಾಯೆವೊದ ವಿಮಾನ ನಿಲ್ದಾಣ ವಿಶ್ವಸಂಸ್ಥೆಯ ಶಾಂತಿಪಡೆಯ ವಶದಲ್ಲಿತ್ತು. ಈ ಶಾಂತಿಪಡೆಯ ಮೊದಲ ದಂಡನಾಯಕರಾಗಿ 1992ರ ಮಾರ್ಚ್‌ನಿಂದ ಒಂದು ವರ್ಷ ಕೆಲಸ ಮಾಡಿದವರು ನಮ್ಮ ಭಾರತೀಯ ಸೇನೆಯ ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್ ಎಂಬುದನ್ನು ಇಲ್ಲಿ ನೆನೆಯಬಹುದು. ನಿಲ್ದಾಣದ ಒಂದು ಪಕ್ಕದಲ್ಲಿ ಮುತ್ತಿಗೆಯೊಳಗಿನ ಊರು, ಇನ್ನೊಂದು ಪಕ್ಕದಲ್ಲಿ ಬೋಸ್ನಿಯಾ ಸೈನ್ಯದ ಕೈಯಲ್ಲಿದ್ದ ಪ್ರದೇಶ. ನಡುವೆ ವಿಮಾನಗಳ ಓಡುದಾರಿ, ಒಂದು ಪೊದೆಯ ಮರೆಯೂ ಇಲ್ಲದ ಬಯಲು. ಊರಿನಿಂದ ಹೊರಬೀಳಬೇಕಾದವರು ರಾತ್ರಿಯ ಕತ್ತಲೆಯಲ್ಲಿ ಈ ಬಯಲನ್ನು ಓಡಿ ದಾಟಬೇಕಿತ್ತು. ಹಾಗೆ ಜನರನ್ನು ದಾಟಲು ಬಿಡುವುದಿಲ್ಲವೆಂಬ ಒಪ್ಪಂದದ ಮೇಲೆಯೇ ಶಾಂತಿಪಡೆಗೆ ನಿಲ್ದಾಣ ಸಿಕ್ಕಿತ್ತು. ಆದ್ದರಿಂದ ಅವರು ದೀಪ ಹಾಯಿಸಿ, ಸಿಕ್ಕವರನ್ನು ಹಿಂದಕ್ಕೆ ಕಳಿಸುತ್ತಿದ್ದರು. ಆ ದೀಪದ ಬೆಳಕಿನಲ್ಲಿ ಕಂಡವರ ಮೇಲೆ ಅತ್ತಕಡೆಯ ಬಂದೂಕುಗಾರರು ಗುರಿಯಿಡುತ್ತಿದ್ದರು. ಅಲ್ಲಿ ಸತ್ತವರು ಅನೇಕ ಮಂದಿ. ಓಡುದಾರಿಯ ಅಡಿಯಲ್ಲಿ ಸುಮಾರು 800 ಮೀಟರ್ ಉದ್ದದ ಸುರಂಗ ಸಿದ್ಧವಾದದ್ದು 1993ರ ಜುಲೈ ಕೊನೆಯಲ್ಲಿ. ಗಾಯಕರ ತಂಡ ಹೊರಟಾಗ ಅದು ಇನ್ನೂ ಇರಲಿಲ್ಲ.

ಫಾಜ್ಲಾ ಮತ್ತು ಸಂಗಡಿಗರು ಹೀಗೆ ಆ ಬಯಲನ್ನು ದಾಟಿ, ಮುಂದೆ ಬೆಟ್ಟದ ಹಾದಿ ಹಿಡಿದು ಹೊರಬಂದರು. ವಾದ್ಯವೃಂದವನ್ನು ನಡೆಸಬೇಕಾಗಿದ್ದ ನಿರ್ದೇಶಕರಿಗೆ ಮಾತ್ರ ದಾಟಲು ಆಗಲಿಲ್ಲ. ಅವರು ಊರಿನಲ್ಲೇ ಉಳಿದರು.

ಕುದುರೆಗಳ ಕಣದಲ್ಲಿ ಸಂಗೀತ

ಐರ್ಲೆಂಡ್ 1992ರಲ್ಲಿ ಗೆದ್ದಿದ್ದರಿಂದ 1993ರ ಸ್ಪರ್ಧೆಯನ್ನು ನಡೆಸುವ ಹೊಣೆ ಅದರದಾಗಿತ್ತು. ಮಿಲ್‌ಸ್ಟ್ರೀಟ್ ಸುಮಾರು 1500 ಜನಸಂಖ್ಯೆಯ ಊರು. ನಮ್ಮ ಲೆಕ್ಕದಲ್ಲಿ ಒಂದು ಸಾಧಾರಣ ಹಳ್ಳಿ. ಅಲ್ಲಿ ಕುದುರೆಗಳ ಪ್ರದರ್ಶನಕ್ಕೆಂದು ಕಟ್ಟಿದ ಒಂದು ದೊಡ್ಡ ಒಳಾಂಗಣ ಕಣವಿತ್ತು. ಅದರ ಮಾಲೀಕರು ಐರಿಷ್ ದೂರದರ್ಶನಕ್ಕೆ ಪತ್ರ ಬರೆದು, ಜಾಗವನ್ನು ಬಾಡಿಗೆಯಿಲ್ಲದೆ ಕೊಡುತ್ತೇನೆ ಎಂದರು. ಹೀಗೆ ರಾಜಧಾನಿಯನ್ನು ಬಿಟ್ಟು, 25 ದೇಶಗಳು ಈ ಹಳ್ಳಿಗೆ ಬಂದವು. ಅಲ್ಲಿಯವರೆಗಿನ ಸ್ಪರ್ಧೆಗಳಲ್ಲಿ ಅದೇ ಅತಿ ದೊಡ್ಡ ಸಂಖ್ಯೆ.

ಅಂದಿನ ಎರಡು ನಿಯಮಗಳನ್ನು ನೀವು ತಿಳಿದಿರಬೇಕು. ಒಂದು, ಪ್ರತಿ ದೇಶವೂ ತನ್ನ ದೇಶದ ಭಾಷೆಯಲ್ಲೇ ಹಾಡಬೇಕು. 1977ರಿಂದ 1998ರವರೆಗೆ ಈ ನಿಯಮ ಜಾರಿಯಲ್ಲಿತ್ತು. ಹೀಗಾಗಿ ಫಾಜ್ಲಾ ತಮ್ಮ ಊರಿನ ಮಾತಿನಲ್ಲೇ ಯುದ್ಧದ ನೋವನ್ನು ಹಾಡಿದರು. ಎರಡು, ವೇದಿಕೆಯ ಪಕ್ಕದಲ್ಲಿ ಪೂರ್ಣ ವಾದ್ಯವೃಂದ ಇರುತ್ತಿತ್ತು, ಪ್ರತಿ ದೇಶವೂ ತನ್ನ ವೃಂದ ನಿರ್ದೇಶಕರನ್ನು ಕರೆತರಬಹುದಿತ್ತು. ಬೋಸ್ನಿಯಾದ ನಿರ್ದೇಶಕರು ಸರಾಯೆವೊದಲ್ಲಿ ಉಳಿದಿದ್ದರಲ್ಲ, ಅವರ ಸ್ಥಾನದಲ್ಲಿ ನಿಂತು ವೃಂದವನ್ನು ನಡೆಸಿದವರು ಐರ್ಲೆಂಡಿನ ನೋಯೆಲ್ ಕೆಲೆಹನ್. ಬಾರದೇ ಇದ್ದ ಒಬ್ಬರ ಕೆಲಸವನ್ನು ಇನ್ನೊಂದು ದೇಶದವರು ಮೂರು ನಿಮಿಷ ಹೊತ್ತುಕೊಂಡರು. ಸಭೆ ಅವರನ್ನೂ ಚಪ್ಪಾಳೆಯಿಂದ ಸ್ವಾಗತಿಸಿತು.

ದೂರವಾಣಿಯ ಆ ಕ್ಷಣ

ಇನ್ನು ಅಂಕಗಳ ವಿಷಯ. 1975ರಿಂದ ಬಂದ ಪದ್ಧತಿಯಂತೆ, ಪ್ರತಿ ದೇಶದ ತೀರ್ಪುಗಾರರು ತಮ್ಮ ಊರಿನಲ್ಲೇ ಕುಳಿತು ದೂರದರ್ಶನದಲ್ಲಿ ಹಾಡುಗಳನ್ನು ಕೇಳಿ, ತಮಗೆ ಮೆಚ್ಚುಗೆಯಾದ ಹತ್ತು ಹಾಡುಗಳಿಗೆ 1ರಿಂದ 8, ಆಮೇಲೆ 10 ಮತ್ತು 12 ಎಂದು ಅಂಕ ಹಂಚುತ್ತಿದ್ದರು. 1993ರವರೆಗೆ ಅದನ್ನು ದೂರವಾಣಿಯಲ್ಲಿ ಹೇಳುತ್ತಿದ್ದರು. ಅಂಕ ಹೇಳುವವರ ಮುಖವನ್ನು ಉಪಗ್ರಹದ ಮೂಲಕ ತೋರಿಸಲು ಆರಂಭಿಸಿದ್ದು 1994ರಲ್ಲಿ.

ಸರಾಯೆವೊಗೆ ಈ ಸರಳ ಕೆಲಸವೂ ಸುಲಭವಾಗಿರಲಿಲ್ಲ. ಹೊರಗಿನ ಊರುಗಳಿಗೆ ಇದ್ದ ಸಾಧಾರಣ ದೂರವಾಣಿ ಮಾರ್ಗಗಳು ಮುತ್ತಿಗೆಯಲ್ಲಿ ಕಡಿದುಹೋಗಿದ್ದವು. ಅಲ್ಲಿದ್ದ ವರದಿಗಾರರು ಉಪಗ್ರಹ ದೂರವಾಣಿಯನ್ನೇ ನಂಬಿದ್ದ ಕಾಲವದು. ಇದರ ಭೌತಶಾಸ್ತ್ರವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಭೂಸ್ಥಿರ ಉಪಗ್ರಹ ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುತ್ತದೆ. ನಿಮ್ಮ ಮಾತು ಮೇಲೇರಿ ಕೆಳಗಿಳಿಯಲು 72,000 ಕಿಲೋಮೀಟರ್ ಸಾಗಬೇಕು. ರೇಡಿಯೋ ತರಂಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ವೇಗದಲ್ಲಿ ಹೋದರೂ ಇದಕ್ಕೆ ಸುಮಾರು ಕಾಲು ಸೆಕೆಂಡು ಬೇಕು. ನೀವು ಕೇಳಿದ ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡು. ಅರ್ಧ ಸೆಕೆಂಡೆಂದರೆ ಅಷ್ಟೇನು ಎನ್ನಬೇಡಿ. ಎದುರಿನವರು ಇದ್ದಾರೋ ಇಲ್ಲವೋ ಎಂಬ ಅನುಮಾನ ಹುಟ್ಟಲು ಅಷ್ಟು ಸಾಕು. ಅದರ ಮೇಲೆ ವಿದ್ಯುತ್ತು ಕೈಕೊಟ್ಟರೆ ಅಥವಾ ಹೊರಗೆ ಗುಂಡು ಬಿದ್ದರೆ?

ಆ ರಾತ್ರಿ ಒಂದು ವಿಚಿತ್ರ ನಡೆಯಿತು. ಯುದ್ಧದ ನಡುವಿದ್ದ ಸರಾಯೆವೊದ ಲೈನ್ ಸಿಕ್ಕಿತು, ಯಾವ ಗಲಾಟೆಯೂ ಇಲ್ಲದ ಮಾಲ್ಟಾ ದ್ವೀಪದ ಲೈನ್ ಸಿಗಲಿಲ್ಲ. ಮಾಲ್ಟಾವನ್ನು ಕೊನೆಗೆ ಇಟ್ಟುಕೊಳ್ಳಬೇಕಾಯಿತು. ಆ ಹೊತ್ತಿಗೆ ಐರ್ಲೆಂಡ್ ಬ್ರಿಟನ್‌ಗಿಂತ 11 ಅಂಕ ಮಾತ್ರ ಮುಂದಿತ್ತು, ಮಾಲ್ಟಾದ 12 ಅಂಕ ಯಾರಿಗೆ ಹೋಗುತ್ತದೋ ಎಂದು ಎಲ್ಲರೂ ಉಸಿರು ಬಿಗಿಹಿಡಿದು ಕುಳಿತರು. ಅದು ಐರ್ಲೆಂಡಿಗೇ ಹೋಗಿ, ಆ ದೇಶ 187 ಅಂಕಗಳೊಂದಿಗೆ ಗೆದ್ದಿತು.

ಚಪ್ಪಾಳೆಯೂ ಅಂಕವೂ

ಬೋಸ್ನಿಯಾಕ್ಕೆ ಎಷ್ಟು ಬಂತು? 27 ಅಂಕ. 25 ದೇಶಗಳಲ್ಲಿ 16ನೇ ಸ್ಥಾನ. ಎದ್ದು ನಿಂತು ಚಪ್ಪಾಳೆ ಹೊಡೆದ ಯೂರೋಪು ಅಂಕ ಕೊಡುವಾಗ ಕೈ ಬಿಗಿಹಿಡಿಯಿತು ಎಂದು ನೀವು ಹೇಳಬಹುದು. ನಾನೂ ಮೊದಲು ಹಾಗೆಯೇ ಅಂದುಕೊಂಡೆ. ಆಮೇಲೆ ಯೋಚಿಸಿದಾಗ ಬೇರೆ ಅನ್ನಿಸಿತು. ಆ ತಂಡ ಅಷ್ಟು ಅಪಾಯ ಹೊತ್ತು ಬಂದದ್ದು ಉಳಿದ ದೇಶಗಳ ಸಾಲಿನಲ್ಲಿ ಒಂದಾಗಿ ನಿಲ್ಲುವುದಕ್ಕೆ. ಕನಿಕರದಿಂದ ಮೊದಲ ಬಹುಮಾನ ಕೊಟ್ಟಿದ್ದರೆ ಅವರನ್ನು ಸಾಲಿನಿಂದ ಹೊರಗಿಟ್ಟು ನೋಡಿದಂತೆ ಆಗುತ್ತಿತ್ತು. 16ನೇ ಸ್ಥಾನ ಅವರನ್ನು ಕ್ರೊಯೇಷಿಯಾದ ಒಂದು ಮೆಟ್ಟಿಲು ಕೆಳಗೆ, ಸ್ಲೊವೇನಿಯಾದ ಮೇಲೆ, ಎಲ್ಲರ ನಡುವೆ ಕೂರಿಸಿತು.

ಆದರೂ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ, ಅದನ್ನು ನಿಮ್ಮ ಮುಂದೆಯೂ ಇಡುತ್ತೇನೆ. ಮನರಂಜನೆಯ ಕಾರ್ಯಕ್ರಮದ ನಡುವೆ ಇನ್ನೊಬ್ಬರ ಸಂಕಟವನ್ನು ಮೂರು ನಿಮಿಷ ತೋರಿಸಿ, ಆಮೇಲೆ ಮುಂದಿನ ಹಾಡಿಗೆ ಹೋಗುವುದು ಸರಿಯೇ? ನಾವು ಸ್ಟುಡಿಯೋದಲ್ಲಿ ಕುಳಿತವರು ವಾರಕ್ಕೊಮ್ಮೆಯಾದರೂ ಇದನ್ನು ಎದುರಿಸುತ್ತೇವೆ. ಒಮ್ಮೆ ನಮ್ಮ ಕಾರ್ಯಕ್ರಮಕ್ಕೆ ಕರೆ ಮಾಡಿದ ತಾಯಿಯೊಬ್ಬರು ಮಗನ ವಿಷಯ ಹೇಳುತ್ತ ಅತ್ತರು. ಸಮಯ ಮುಗಿದಿತ್ತು. "ಧನ್ಯವಾದ ಅಮ್ಮ" ಎಂದು ನಿರೂಪಕಿ ಹೇಳಲೇಬೇಕಾಯಿತು, ಹೇಳು ಎಂದು ಒಳಗಿಂದ ಸೂಚನೆ ಕೊಟ್ಟವನು ನಾನೇ. ಕಾರ್ಯಕ್ರಮ ಮುಗಿದ ಮೇಲೆ ಅವರಿಗೆ ಫೋನು ಮಾಡಿ ಕ್ಷಮೆ ಕೇಳಿದೆ. ಅವರು ಹೇಳಿದ್ದು ಇಷ್ಟೆ: "ಇರ್ಲಿ ಬಿಡಪ್ಪ, ನಾಲ್ಕು ಜನ ಕೇಳಿದ್ರಲ್ಲ."

ಆ ಹಾಡಿನಿಂದ ಯುದ್ಧ ನಿಲ್ಲಲಿಲ್ಲ. ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದದ್ದು 1995ರ ಡಿಸೆಂಬರ್‌ನಲ್ಲಿ. ಸರಾಯೆವೊದ ಮುತ್ತಿಗೆ 1996ರ ಫೆಬ್ರವರಿ 29ರಂದು ಮುಗಿಯಿತು. ಒಟ್ಟು 1,425 ದಿನ. ಇಪ್ಪತ್ತು ವರ್ಷದ ನೆನಪಿಗೆ, 2012ರ ಏಪ್ರಿಲ್ 6ರಂದು, ಊರಿನ ಮುಖ್ಯ ಬೀದಿಯಲ್ಲಿ ಸತ್ತ ಒಬ್ಬೊಬ್ಬರಿಗೂ ಒಂದರಂತೆ 11,541 ಕೆಂಪು ಕುರ್ಚಿಗಳನ್ನು ಖಾಲಿ ಇಟ್ಟಿದ್ದರು. ಮಕ್ಕಳಿಗಾಗಿ ಚಿಕ್ಕ ಕುರ್ಚಿಗಳಿದ್ದವು.

ಆಮೇಲೆ

ಬೋಸ್ನಿಯಾ ಮತ್ತೆ ಮತ್ತೆ ಹಾಡಲು ಬಂತು. 2006ರಲ್ಲಿ ಮೂರನೇ ಸ್ಥಾನ ಪಡೆದದ್ದು ಅದರ ಅತ್ಯುತ್ತಮ ಸಾಧನೆ. ಮೊದಲ ಹಾಡಿಗೆ ರಾಗ ಹಾಕಿದ ದಿನೋ ಮೆರ್ಲಿನ್ 2011ರಲ್ಲಿ ತಾವೇ ಹಾಡಿ ಆರನೇ ಸ್ಥಾನ ತಂದುಕೊಟ್ಟರು. ಆದರೆ 2016ರಲ್ಲಿ ಹಾಡಿದ ಮೇಲೆ ಆ ದೇಶ ವೇದಿಕೆಯಲ್ಲಿ ಕಾಣಿಸಿಕೊಂಡಿಲ್ಲ. ಕಾರಣ ಯುದ್ಧವಲ್ಲ, ಹಣ. ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಸಾಲದಲ್ಲಿ ಮುಳುಗಿ, ಒಕ್ಕೂಟಕ್ಕೆ ಕಟ್ಟಬೇಕಾದ ಬಾಕಿಯನ್ನೇ ತೀರಿಸಲಾಗದ ಸ್ಥಿತಿಗೆ ಬಂತು. ಗುಂಡಿನ ಮಳೆಯಲ್ಲೂ ನಿಲ್ಲದ ದನಿ ಲೆಕ್ಕಪುಸ್ತಕದ ಮುಂದೆ ನಿಂತುಹೋಯಿತಲ್ಲ ಎಂದು ನನ್ನಂಥವನಿಗೆ ಬೇಸರವಾಗುತ್ತದೆ. ಸಾರ್ವಜನಿಕ ಪ್ರಸಾರ ಎಂದರೆ ಖರ್ಚಿನ ಬಾಬತ್ತು ಎಂದು ಯಾರಾದರೂ ಹೇಳಿದಾಗಲೆಲ್ಲ ನನಗೆ ಆ ಓಡುದಾರಿ ನೆನಪಾಗುತ್ತದೆ.

ಮುಂದಿನ ಬಾರಿ ನಮ್ಮ ಕಾರ್ಯಕ್ರಮದಲ್ಲಿ ಯಾರೋ ದೂರದ ಊರಿನಿಂದ ಕರೆ ಮಾಡಿ, ಲೈನಿನಲ್ಲಿ ಬರೀ ಕರಕರ ಸದ್ದು ಕೇಳಿ, ನಿರೂಪಕಿ "ಹಲೋ, ಹಲೋ" ಎನ್ನುತ್ತಿದ್ದರೆ, ದಯವಿಟ್ಟು ಚಾನೆಲ್ ಬದಲಿಸಬೇಡಿ. ಸ್ವಲ್ಪ ಕಾಯಿರಿ. ಆ ಕಡೆ ಯಾರೋ ಮಾತಾಡಲು ಪ್ರಯತ್ನಿಸುತ್ತಿರುತ್ತಾರೆ.